ಪಟ್ಟಿಯಲ್ಲಿಲ್ಲದ ಧ್ವನಿ: ಬೆಂಗ್ರೆಯ ಗಿಟಾರ್ ವಾದಕರಿಗೆ ಒಂದು ಬಹಿರಂಗ ಪತ್ರ

ಬೆಂಗ್ರೆಯಲ್ಲಿಯೂ ತಣ್ಣೀರುಬಾವಿಯಲ್ಲಿಯೂ ಹೊಳೆಯಾಚೆಯ ಮಂಗಳೂರಿನ ಬಂದರು, ಬೋಳಾರಗಳಲ್ಲಿಯೂ ಗಿಟಾರ್ ನುಡಿಸುತ್ತಿರುವ ಕಿರಿಯ ಬಂಧುಗಳೆ,

ಗಿಟಾರಿಗೆ ಜೋಡಿಸತಕ್ಕ ಡಿಜಿಟಲ್ ಯಂತ್ರಗಳನ್ನು ನಿರ್ಮಿಸುವ ಪರದೇಶದ ಸಂಸ್ಥೆಗಳು, ಯಂತ್ರದ ಮುಂದಿನ ಆವೃತ್ತಿಯಲ್ಲಿ ಯಾವ ಯಾವ ಆಂಪ್ಲಿಫಯರುಗಳ ಪ್ರತಿರೂಪವನ್ನು ಸೇರಿಸಬೇಕೆಂದು ಗ್ರಾಹಕರ ಇಷ್ಟವನ್ನು ಕೇಳುವ ಸಂಪ್ರದಾಯವೊಂದನ್ನು ಬೆಳೆಸಿಕೊಂಡಿರುವುದನ್ನೂ, ಆ ಪ್ರಶ್ನೆಯನ್ನು ಹಿಡಿದುಕೊಂಡು ನೀವು ಫೆರಿಯ ಕಟ್ಟೆಯ ಮೇಲೆ, ದೋಣಿ ಬಂದುದು ಹೋದುದರ ಪರಿವೆಯೇ ಇಲ್ಲದೆ, ಒಬ್ಬರು ಮಾರ್ಷಲ್ ಆಂಪ್ಲಿಫಯರಿನ ಪಕ್ಷವನ್ನೂ ಮತ್ತೊಬ್ಬರು ಮೇಸಾ ಬೂಗಿಯ ಪಕ್ಷವನ್ನೂ ವಹಿಸಿ ವಾದಿಸುತ್ತಿರುವುದನ್ನೂ ಬಹುಕಾಲದಿಂದ ಕೇಳುತ್ತ ಬಂದಿದ್ದೇನೆ. ನಾನು ಗಿಟಾರ್ ವಾದಕನಲ್ಲ. ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಹಿಡಿಯತಕ್ಕವನು. ಆದರೂ ಗ್ರಾಹಕನ ಆಯ್ಕೆಯೆಂಬ ಈ ವಿಷಯದಲ್ಲಿ ನನ್ನದೊಂದು ಮಾತು ಇದೆ. ಅದನ್ನು ಕಟ್ಟೆಯ ಮೇಲೆಯೇ ಹೇಳಿ ಮುಗಿಸದೆ ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಭಜನಾ ಮಂದಿರಗಳ ಹಿರಿಯರೂ, ಮಸೀದಿಯ ಜಮಾತಿನವರೂ, ಇಗರ್ಜಿಯ ಗಾಯನ ಮಂಡಳಿಯವರೂ, ಬಾಡಿಗೆಗೆ ಮೈಕ್ ಸೆಟ್ ಕೊಡುವವರೂ ಇದಕ್ಕೆ ಕಿವಿಗೊಡಬೇಕಾದ ಪ್ರಸಂಗವು ಮುಂದೆ ಬರುವುದು.

ಗಿಟಾರಿನ ಪರಿಚಯವಿಲ್ಲದ ಆ ಹಿರಿಯರಿಗಾಗಿ ಎರಡು ಮಾತು. ವಿದ್ಯುತ್ ಗಿಟಾರಿನ ತಂತಿಯಿಂದ ಹೊರಡುವ ಸಂಕೇತವು ಅತ್ಯಂತ ಕ್ಷೀಣವಾದುದು. ಅದನ್ನು ಬಲಪಡಿಸುವ ಆಂಪ್ಲಿಫಯರು ಸಭೆಯ ಧ್ವನಿವರ್ಧಕದ ಹಾಗೆ ಸದ್ದನ್ನು ಇದ್ದುದಿದ್ದಂತೆ ಹಿಗ್ಗಿಸಿ ಸುಮ್ಮನಾಗುವುದಿಲ್ಲ. ಅದರೊಳಗಿನ ವಾಲ್ವೆಂಬ ಗಾಜಿನ ಕೊಳವೆಯನ್ನು ಶಕ್ತಿಗೆ ಮೀರಿ ದುಡಿಸಿದಾಗ ನಾದದ ಅಲೆಯ ನೆತ್ತಿಯು ಸವೆದು ಚಪ್ಪಟೆಯಾಗಿ, ಮೂಲದಲ್ಲಿ ಇಲ್ಲದ ಅನುಸ್ವರಗಳು ಹುಟ್ಟಿ, ಮೀಟಿದೊಡನೆ ಕ್ಷಯಿಸಬೇಕಾದ ಸ್ವರವು ಹಾಡುವವನ ಉಸಿರಿನಂತೆ ನಿಂತು ನಡೆಯತೊಡಗುತ್ತದೆ. ಯಾವ ವಾಲ್ವು, ಯಾವ ಟ್ರಾನ್ಸ್‌ಫಾರ್ಮರು, ಎಷ್ಟು ಅಂಗುಲದ ಸ್ಪೀಕರು ಎಂಬುದನ್ನು ಅನುಸರಿಸಿ ಒಂದೊಂದು ಆಂಪ್ಲಿಫಯರಿಗೆ ಒಂದೊಂದು ವ್ಯಕ್ತಿತ್ವ ಬರುವುದು. ಈ ವ್ಯಕ್ತಿತ್ವವನ್ನು ಗಣಿತದಲ್ಲಿ ಹಿಡಿದು, ಸೆಕೆಂಡಿಗೆ ಸುಮಾರು 48,000 ಸಲ ಲೆಕ್ಕಹಾಕಿ, ಒಂದು ಸಣ್ಣ ಪೆಟ್ಟಿಗೆಯಿಂದಲೇ ಅನೇಕ ಆಂಪ್ಲಿಫಯರುಗಳ ಧ್ವನಿಯನ್ನು ಹೊರಡಿಸುವ ವಿದ್ಯೆಯು ಕಳೆದ ಶತಮಾನದ ಕೊನೆಯ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. 1995ರಲ್ಲಿ ರೋಲಾಂಡ್ ಸಂಸ್ಥೆಯ ವಿಜಿ-8, 1996ರಲ್ಲಿ ಲೈನ್ 6 ಸಂಸ್ಥೆಯ ಆಕ್ಸಿಸ್ 212, 1998ರಲ್ಲಿ ಅದೇ ಸಂಸ್ಥೆಯ ಪಾಡ್ ಎಂಬ ಹುರುಳಿಬೀಜದಾಕಾರದ ಕೆಂಪು ಪೆಟ್ಟಿಗೆ. ಆ ಪೆಟ್ಟಿಗೆಯೊಳಗೆ ಮೊದಲು ಇದ್ದ ಪ್ರತಿರೂಪಗಳು 16. ಈ ಹೊತ್ತು ಫ್ರಾಕ್ಟಲ್ ಆಡಿಯೊ ಸಂಸ್ಥೆಯ ಯಂತ್ರದಲ್ಲಿ 300ನ್ನು ಮೀರಿವೆ.

ಇಂಥ ಯಂತ್ರವು ಬೆಂಗ್ರೆಯಂಥ ಊರಿಗೆ ಎಷ್ಟು ಒದಗಿಬಂದಿತೆಂಬುದನ್ನು ಒಪ್ಪದಿರುವುದು ಕೃತಘ್ನತೆಯಾದೀತು. ಒಂದು ಪಕ್ಕದಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ಗುರುಪುರ ಹೊಳೆ, ದಕ್ಷಿಣದ ತುದಿಯಲ್ಲಿ ಆ ಹೊಳೆಯೂ ನೇತ್ರಾವತಿಯೂ ಕೂಡಿ ಕಡಲನ್ನು ಸೇರುವ ಅಳಿವೆ. ಇವುಗಳ ನಡುವೆ ನೀಳವಾಗಿ ಚಾಚಿದ ಮರಳ ಪಟ್ಟಿಯಲ್ಲವೆ ನಮ್ಮ ನೆಲ! ಪೇಟೆಯು ಕಣ್ಣೆದುರಿಗೇ ಇದ್ದರೂ ಅಲ್ಲಿಗೆ ಫೆರಿಯಲ್ಲಿ ದಾಟಬೇಕು. ಇಲ್ಲವೆ ತಣ್ಣೀರುಬಾವಿ, ಕೂಳೂರುಗಳ ಸುತ್ತುದಾರಿಯನ್ನು ಹಿಡಿಯಬೇಕು. ಫೆಂಡರ್ ಟ್ವಿನ್ ರಿವರ್ಬ್ ಎಂಬ ಆಂಪ್ಲಿಫಯರು ಸುಮಾರು 29 ಕಿಲೊ ತೂಗುತ್ತದೆ. ವಾಕ್ಸ್ ಎಸಿ30 ಅದಕ್ಕಿಂತಲೂ ಭಾರ. ಮೀನಿನ ಬುಟ್ಟಿಗಳೂ ಶಾಲೆಯ ಮಕ್ಕಳೂ ತುಂಬಿದ ದೋಣಿಗೆ ಅದನ್ನು ಏರಿಸಿ ಇಳಿಸುವ ಶ್ರಮವನ್ನು ಊಹಿಸಿಕೊಳ್ಳಿರಿ. ಅದು ಹೇಗೋ ಮನೆ ಸೇರಿತೆಂದರೂ ಇಲ್ಲಿಯ ಉಪ್ಪುಗಾಳಿಯು ವಾಲ್ವಿನ ಕಾಲುಗಳನ್ನೂ ಗುಂಡಿಯ ಒಳಗಿನ ಪಟ್ಟಿಯನ್ನೂ ಎರಡು ಮಳೆಗಾಲದೊಳಗೆ ಕೆಡಿಸದೆ ಬಿಡುವುದಿಲ್ಲ. ಕೈಚೀಲದಲ್ಲಿ ಹಿಡಿಸುವ ಪೆಟ್ಟಿಗೆಯೊಂದನ್ನು ನೀವು ಆಶ್ರಯಿಸಿದುದು ಯುಕ್ತವೇ ಆಯಿತು.

ನನ್ನ ತಕರಾರು ಯಂತ್ರದ ಮೇಲಲ್ಲ. ಕೇಳಿದವರ ಮುಂದೆ ನೀವು ಬೇಡುತ್ತಿರುವ ವಸ್ತುವಿನ ಮೇಲೆ.

ನೀವು ಇಷ್ಟೊಂದು ಭಕ್ತಿಯಿಂದ ಹೆಸರಿಸುವ ಆಂಪ್ಲಿಫಯರುಗಳು ಹುಟ್ಟಿದ ಬಗೆಯನ್ನು ಸ್ವಲ್ಪ ವಿಚಾರಿಸೋಣ. ಲಿಯೊ ಫೆಂಡರ್ ಎಂಬಾತನು 1938ರಲ್ಲಿ ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿಯ ಅಂಗಡಿಯನ್ನು ತೆರೆದವನು; ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅಂಗಡಿಗೆ ಬರುತ್ತಿದ್ದ ವಾದಕರು, ಇಲ್ಲಿ ಧ್ವನಿ ಒಡೆಯುತ್ತದೆ, ಅಲ್ಲಿ ತಂತಿ ಕೇಳಿಸುವುದಿಲ್ಲ, ಎಂದು ಹೇಳಿದ ದೂರುಗಳನ್ನು ತಾಳ್ಮೆಯಿಂದ ಕೇಳಿ, ತಿದ್ದಿ, ಮತ್ತೆ ಅವರ ಕೈಗೇ ಕೊಟ್ಟು ಪರೀಕ್ಷಿಸಿದುದೇ ಅವನ ವಿದ್ಯೆಯ ಬಹುಭಾಗ. ಲಂಡನ್ನಿನ ಹ್ಯಾನ್‌ವೆಲ್ಲಿನಲ್ಲಿ ವಾದ್ಯಗಳ ಅಂಗಡಿಯನ್ನಿಟ್ಟಿದ್ದ ಜಿಮ್ ಮಾರ್ಷಲ್ ಮೂಲತಃ ಡ್ರಮ್ಸ್ ಕಲಿಸುವ ಉಪಾಧ್ಯಾಯ. ಅಮೆರಿಕದಿಂದ ಬರುವ ಸರಕಿನ ಬೆಲೆಯನ್ನು ತೆರಲಾರದ ಗಿಟಾರ್ ವಾದಕರು ತಮಗೆ ಬೇಕಾದ ಧ್ವನಿಯನ್ನು ಅವನ ಮುಂದೆ ವರ್ಣಿಸಲಾಗಿ, ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬಿಬ್ಬರು ಸಹಾಯಕರೊಡನೆ ಫೆಂಡರ್ ಬಾಸ್‌ಮನ್ನಿನ ವಿನ್ಯಾಸವನ್ನೇ ಮಾದರಿಯಾಗಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ದೊರೆಯುವ ಬಿಡಿಭಾಗಗಳಿಂದ ಅವನು 1962ರಲ್ಲಿ ತನ್ನ ಮೊದಲ ಆಂಪ್ಲಿಫಯರನ್ನು ಕಟ್ಟಿಸಿದನು. ವಾಕ್ಸ್ ಸಂಸ್ಥೆಯ 15 ವಾಟಿನ ಯಂತ್ರವು ಅಭಿಮಾನಿ ಹುಡುಗಿಯರ ಕೂಗಾಟದ ನಡುವೆ ಸಾಲದಾಯಿತೆಂದು ಶಾಡೋಸ್ ಎಂಬ ಗಿಟಾರ್ ತಂಡದವರು ಹೇಳಿದುದರಿಂದಲೇ ಎಸಿ30 ಹುಟ್ಟಿತು. ಇವರೆಲ್ಲರೂ ಗ್ರಾಹಕರೇ. ಆದರೆ ಅವರು ಪಟ್ಟಿಯನ್ನು ನೋಡಿ ಬೆರಳಿಟ್ಟವರಲ್ಲ. ತಮ್ಮ ಊರಿನ ಸಭಾಂಗಣದಲ್ಲಿ, ತಮ್ಮ ಹಾಡಿಗೆ, ತಮ್ಮ ಜೇಬಿಗೆ ಒಗ್ಗುವ ಒಂದು ಧ್ವನಿಯು ಎಲ್ಲಿಯೂ ಇಲ್ಲವಲ್ಲ ಎಂದು ಕೊರಗಿ ಅದನ್ನು ಬೇಡಿದವರು.

ಈಗಿನ ಯಂತ್ರದ ಪಟ್ಟಿಯನ್ನು ಬಿಡಿಸಿ ಓದಿದರೆ ನಾವು ಕಾಣುವುದೇನು? ಸುಮಾರಾಗಿ 1950ರಿಂದ 2000ದವರೆಗೆ ಕ್ಯಾಲಿಫೋರ್ನಿಯ, ಲಂಡನ್ನುಗಳಲ್ಲಿಯೂ ಅವುಗಳ ಅಕ್ಕಪಕ್ಕದಲ್ಲಿಯೂ ಮೆರೆದ ಆಂಪ್ಲಿಫಯರುಗಳ ವಂಶಾವಳಿ. ಅದರಲ್ಲೊಂದು ವಿನೋದವೂ ಇದೆ. ವ್ಯಾಪಾರದ ಗುರುತುಗಳು ಇತರರ ಸೊತ್ತಾದುದರಿಂದ ನಿಜವಾದ ಹೆಸರನ್ನು ಬರೆಯಲು ಸಂಕೋಚ. ಹಾಗಾಗಿ ಲೈನ್ 6ರವರ ಹೀಲಿಕ್ಸ್ ಯಂತ್ರದಲ್ಲಿ ವಾಕ್ಸ್ ಎಸಿ30ಕ್ಕೆ ಎಸೆಕ್ಸ್ ಎ30 ಎಂದೂ, ಫೆಂಡರ್ ಟ್ವಿನ್ನಿಗೆ ಯುಎಸ್ ಡಬಲ್ ಎಂದೂ, ಮಾರ್ಷಲ್ಲಿಗೆ ಬ್ರಿಟ್ ಪ್ಲೆಕ್ಸಿ ಎಂದೂ, ಅಜ್ಞಾತವಾಸದ ಪಾಂಡವರಿಗೆ ವಿರಾಟನ ಮನೆಯಲ್ಲಿ ದೊರೆತಂಥ ಮರೆಯ ಹೆಸರುಗಳು. ಯಾರು ಯಾರೆಂಬುದನ್ನು ತಿಳಿಯಲು ಒಂದು ನಿಘಂಟು ಬೇಕು, ಆ ನಿಘಂಟನ್ನು ನೀವು ಕಂಠಪಾಠ ಮಾಡಿದ್ದೀರಿ. ಹೀಗಿರುವಲ್ಲಿ ಇನ್ನೂ ಯಾವುದು ಬೇಕೆಂದು ಸಂಸ್ಥೆಯವರು ಕೇಳಿದಾಗ ಬರುವ ಉತ್ತರವು ಏನಿರುತ್ತದೆಂದರೆ, ಅದೇ ಮಾರ್ಷಲ್ಲಿನ ಇನ್ನೊಂದು ವರ್ಷದ ಮಾದರಿ, ಅದೇ ಫೆಂಡರಿನ ಇನ್ನೊಂದು ಬಣ್ಣದ ಮುಖಪಟ್ಟಿ. ಕೇಳಿದವರನ್ನು ದೂಷಿಸಲಾಗದು, ಅವರು ವ್ಯಾಪಾರಿಗಳು, ಹೆಚ್ಚು ಜನ ಬೇಡಿದುದನ್ನು ಕೊಡುತ್ತಾರೆ. ಆದರೆ ಬೆಂಗ್ರೆಯ ಹುಡುಗನೂ ಬರ್ಮಿಂಗ್‌ಹ್ಯಾಮಿನ ಹುಡುಗನೂ ಒಂದೇ ಉತ್ತರವನ್ನು ಕೊಡುವಾಗ, ಬೆಂಗ್ರೆಯ ಹುಡುಗನು ಕೇಳಿಸಿಕೊಂಡು ಬೆಳೆದ ಧ್ವನಿಯೆಲ್ಲ ಎಲ್ಲಿ ಹೋಯಿತು?

ಪಟ್ಟಿಯನ್ನು ಬರೆಯುವ ಕೈ ಯಾರದೆಂಬ ಪ್ರಶ್ನೆಯನ್ನು ನಾವು ಹಾರ್ಮೋನಿಯಂನವರು ಬಲ್ಲೆವು. 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಕಾಲಿನ ತಿದಿಯೊಡನೆ ಹುಟ್ಟಿದ ಈ ವಾದ್ಯವನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕುವಂತೆ ಕಲ್ಕತ್ತೆಯ ದ್ವಾರಕಾನಾಥ ಘೋಷರು ತಿದ್ದಿದರು. ನಮ್ಮವರು ಕುರ್ಚಿಯ ಮೇಲೆ ಕುಳಿತು ಭಜನೆ ಮಾಡತಕ್ಕವರಲ್ಲವೆಂಬುದನ್ನು ತಿಳಿದ ಕೈಕೆಲಸ ಅದು. ಮುಂದೆ 1940ರಲ್ಲಿ ಆಕಾಶವಾಣಿಯು, ಶ್ರುತಿಸೂಕ್ಷ್ಮಗಳಿಗೆ ಎಡೆಯಿಲ್ಲದ ಪರದೇಶಿ ವಾದ್ಯವೆಂದು, ಅದನ್ನು ತನ್ನ ಪ್ರಸಾರದಿಂದ ಬಹಿಷ್ಕರಿಸಿತು. 1971ರವರೆಗೆ ಆ ನಿಷೇಧವು ಸಡಿಲಲಿಲ್ಲ. ಆ ಮೂವತ್ತು ವರ್ಷಗಳಲ್ಲಿ ಕರಾವಳಿಯ ಯಾವ ಭಜನಾ ಮಂಡಳಿಯಾದರೂ ಹಾರ್ಮೋನಿಯಮನ್ನು ಅಟ್ಟಕ್ಕೇರಿಸಿದುದನ್ನು ನಾನು ಕೇಳಿಲ್ಲ. ದೊಡ್ಡವರ ಪಟ್ಟಿಯಲ್ಲಿ ಅದಿಲ್ಲವೆಂಬುದು ನಗರಭಜನೆಗೆ ಹೊರಟವರ ಮನಸ್ಸಿಗೆ ಬಂದಿರಲೂ ಇಲ್ಲ. ಇನ್ನು ಶ್ರುತಿಪೆಟ್ಟಿಗೆಯ ವೃತ್ತಾಂತವಂತೂ ನಮ್ಮ ರಾಜ್ಯದ್ದೇ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಎಂಜಿನಿಯರರಾಗಿದ್ದ ಜಿ. ರಾಜ್‌ನಾರಾಯಣರು ಸ್ವತಃ ಕೊಳಲುವಾದಕರು. ತಂಬೂರಿಯವರಿಗೆ ಕಾಯದೆ ಅಭ್ಯಾಸ ಮಾಡಲು ಬೇಕಾದ ಸಾಧನವು ಜಗತ್ತಿನ ಯಾವ ಸಂಸ್ಥೆಯ ಪಟ್ಟಿಯಲ್ಲಿಯೂ ಇಲ್ಲದಿರುವುದನ್ನು ಕಂಡು, 1979ರ ಸುಮಾರಿಗೆ ಎಲೆಕ್ಟ್ರಾನಿಕ್ ಶ್ರುತಿಯನ್ನು ರೂಪಿಸಿ, ರಾಡೆಲ್ ಎಂಬ ಹೆಸರಿನಲ್ಲಿ ಹೊರತಂದರು. ಈಗ ಯಕ್ಷಗಾನದ ಭಾಗವತರ ಪಕ್ಕದಲ್ಲಿಯೂ ಮಂದಿರದ ದೀಪದ ಬಳಿಯಲ್ಲಿಯೂ ಅಂಥ ಪೆಟ್ಟಿಗೆಯು, ಕಪ್ಪು ಎರಡೆಂದರೆ ಕಪ್ಪು ಎರಡಕ್ಕೆ, ಬಿಳಿ ನಾಲ್ಕೆಂದರೆ ಬಿಳಿ ನಾಲ್ಕಕ್ಕೆ ತಿರುಗಿ, ಸದ್ದಿಲ್ಲದೆ ದುಡಿಯುತ್ತಿದೆ. ಸದ್ದಿಲ್ಲದೆ ಎಂಬುದು ಶ್ರುತಿಪೆಟ್ಟಿಗೆಗೆ ಹೇಳತಕ್ಕ ಮಾತಲ್ಲವೆಂದು ನೀವು ನಕ್ಕರೆ ನಗಬಹುದು.

ಕದ್ರಿ ಗೋಪಾಲನಾಥರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಬಂಟ್ವಾಳ ತಾಲೂಕಿನ ನಾಗಸ್ವರದ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಅವರು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮೋಹಗೊಂಡು, ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರರಲ್ಲಿ ಕಲಿತು, ಗಮಕಕ್ಕೆ ಒಲ್ಲೆನೆಂಬ ಆ ಹಿತ್ತಾಳೆಯ ವಾದ್ಯವನ್ನು ತಿದ್ದಿ ತೀಡಿ ಬಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದ ವೇದಿಕೆಗೆ ಏರಿಸಿದರು. ಸ್ಯಾಕ್ಸೊಫೋನ್ ನಿರ್ಮಾಪಕರ ಪಟ್ಟಿಯಲ್ಲಿ ತೋಡಿರಾಗಕ್ಕಾಗಿ ಒಂದು ಮಾದರಿ ಇದೆಯೆ ಎಂದು ಅವರು ಕಾಯುತ್ತ ಕುಳಿತಿರಲಿಲ್ಲ.

ಹಾಗಾದರೆ ನಿಮಗೆ ಬೇಕಾದ ಧ್ವನಿ ಯಾವುದು? ಇಲ್ಲಿ ನನ್ನ ಕಸುಬಿನ ಕಿವಿಯಿಂದ ಕೆಲವು ಸೂಕ್ಷ್ಮಗಳನ್ನು ಹೇಳುವೆನು. ಈಚೆಗೆ ಭಜನಾ ಮಂಗಲೋತ್ಸವಗಳಲ್ಲಿಯೂ ಮದುವೆಯ ರಸಮಂಜರಿಗಳಲ್ಲಿಯೂ ನಿಮ್ಮ ಗಿಟಾರು ನಮ್ಮ ಹಾರ್ಮೋನಿಯಂ, ತಬಲಾ, ತಾಳಗಳ ಜೊತೆಗೆ ಬಂದು ಕುಳಿತಿರುವುದು ಸಂತೋಷದ ಸಂಗತಿ. ಆದರೆ ನೀವು ಹೆಮ್ಮೆಯಿಂದ ಆರಿಸುವ ಮಹಾಘೋಷದ ಪ್ರತಿರೂಪಗಳು ಶ್ರುತಿಯೊಡನೆ ಒಮ್ಮೊಮ್ಮೆ ಜಗಳವಾಡುವುದೇಕೆ? ವಾಲ್ವನ್ನು ಅತಿಯಾಗಿ ದುಡಿಸಿದಾಗ ಎರಡು ಸ್ವರಗಳು ಏಕಕಾಲದಲ್ಲಿ ಒಳಹೊಕ್ಕರೆ, ಅವುಗಳ ಕಂಪನಸಂಖ್ಯೆಗಳ ಮೊತ್ತಕ್ಕೂ ಅಂತರಕ್ಕೂ ಸಮನಾದ ಹೊಸ ಸ್ವರಗಳು ಹುಟ್ಟಿಕೊಳ್ಳುತ್ತವೆ. ಷಡ್ಜ ಪಂಚಮಗಳ ಸಂಬಂಧವು ಎರಡಕ್ಕೆ ಮೂರು. ಅಂತರವು ಒಂದು, ಅಂದರೆ ಕೆಳಗಿನ ಸ್ಥಾಯಿಯ ಷಡ್ಜವೇ. ಆದುದರಿಂದ ಆ ಜೋಡಿಯನ್ನು ಎಷ್ಟು ಗರ್ಜಿಸಿದರೂ ಆಧಾರಶ್ರುತಿಗೆ ಬಲವೇ ಬರುವುದು. ಅಂತರ ಗಾಂಧಾರದ ಮಾತು ಬೇರೆ. ಶುದ್ಧವಾದ ಸಂಬಂಧವು ನಾಲ್ಕಕ್ಕೆ ಐದು. ಆದರೆ ಗಿಟಾರಿನ ಮೆಟ್ಟಿಲುಗಳನ್ನು ಸಮಪಾಲಿನಲ್ಲಿ ಹಂಚಿರುವುದರಿಂದ, ಒಂದು ಸ್ವರಸ್ಥಾನದಿಂದ ಮುಂದಿನದಕ್ಕಿರುವ ಅಂತರವನ್ನು ನೂರು ಭಾಗ ಮಾಡಿದರೆ ಸುಮಾರು 14 ಭಾಗದಷ್ಟು ಗಾಂಧಾರವು ಮೇಲಕ್ಕೆ ಸರಿದಿರುತ್ತದೆ. ಮೃದುವಾಗಿ ನುಡಿಸಿದಾಗ ಕಿವಿಯು ಕ್ಷಮಿಸುವ ಈ ಹದಿನಾಲ್ಕು ಭಾಗವನ್ನು ವಿಕೃತಿಯೇರಿದ ಆಂಪ್ಲಿಫಯರು ಹತ್ತು ಜನರ ಮುಂದೆ ಹಿಡಿದು ತೋರಿಸುತ್ತದೆ. (ಹಾರ್ಮೋನಿಯಂಗೂ ಇದೇ ದೋಷವಿದೆ, ಆಕಾಶವಾಣಿಯವರ ಆಕ್ಷೇಪಕ್ಕೆ ಇದೇ ಮೂಲವೆಂಬುದನ್ನು ನಾನು ಬಲ್ಲೆ, ಅವರನ್ನು ಈವರೆಗೆ ಕ್ಷಮಿಸಿಲ್ಲವಷ್ಟೆ.) ಜಾರುಸ್ವರವೂ ಕಂಪಿತವೂ ತಂತಿಯ ಮೇಲೆ ಬಹಳ ಹೊತ್ತು ಜೀವಿಸಬೇಕು, ಆದರೆ ಒಡೆಯಬಾರದು, ಮಾತಿನ ಮಟ್ಟದಲ್ಲಿರುವ ಮಧ್ಯಸ್ವರಗಳು ಮುಂದೆ ನಿಲ್ಲಬೇಕು, ತಳದ ಗುಡುಗು ತಬಲೆಯ ಎಡದ ನಾದಕ್ಕೆ ಅಡ್ಡ ಬರಬಾರದು. ಇಂಥ ಆಂಪ್ಲಿಫಯರು ಯಾವುದೆಂದು ಯೋಚಿಸಿದಾಗ ನನಗೆ ಲಂಡನ್ನು ನೆನಪಾಗುವುದಿಲ್ಲ. ಮಂದಿರದ ಮಾಡಿಗೆ ಕಟ್ಟಿದ ಕಹಳೆಯಾಕಾರದ ಹಾರ್ನನ್ನೂ, ಒಳಗೆ ಬೆಂಚಿನ ಮೇಲೆ ಕೆಂಪಗೆ ಉರಿಯುತ್ತ ಬೆಚ್ಚಗೆ ಕುಳಿತಿರುತ್ತಿದ್ದ ವಾಲ್ವಿನ ಧ್ವನಿವರ್ಧಕವನ್ನೂ ನೆನೆಯುತ್ತೇನೆ.

ನಮ್ಮ ಕರಾವಳಿಯ ಹಿಂದಿನ ಪೀಳಿಗೆಯ ಕಿವಿಯನ್ನು ತಿದ್ದಿದುದು ಆ ಯಂತ್ರ. ಭಜನೆಯೂ, ಬಾಂಗೂ, ಸಾಂತ್‌ಮಾರಿಯ ಹಾಡುಗಳೂ, ವಿಲ್ಫಿ ರೆಬಿಂಬಸ್ಸರ ಕೊಂಕಣಿ ಗೀತೆಗಳೂ, ಬ್ಯಾರಿಗಳ ದಫ್ಫಿನ ಮೇಳವೂ, ಬಯಲಾಟದ ಭಾಗವತಿಕೆಯೂ ಜನಸಮೂಹಕ್ಕೆ ಮುಟ್ಟಿದುದು ಅದರ ಕಂಠದಿಂದ. ಅದನ್ನು ಗಿಟಾರಿಗೆ ಸಂಬಂಧವಿಲ್ಲದ ವಸ್ತುವೆಂದು ತಳ್ಳುವ ಮುನ್ನ ಒಂದು ಸಂಗತಿಯನ್ನು ಗಮನಿಸಿರಿ. ವಾಕ್ಸ್ ಎಸಿ30ರ ಹೃದಯವೆಂದು ನೀವು ಹೇಳುವ ಇಎಲ್84, ಇಸಿಸಿ83 ಎಂಬ ವಾಲ್ವುಗಳು ರೇಡಿಯೊಗಳಿಗೂ ಧ್ವನಿವರ್ಧಕಗಳಿಗೂ ಉಪಯೋಗಿಸುತ್ತಿದ್ದ ಸಾಮಾನ್ಯ ವಾಲ್ವುಗಳು. 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ತೊಡಗಿದ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇವೂ ತಯಾರಾದುವು. ಗಾಜಿನ ಮೇಲೆ ಬಿಇಎಲ್ ಎಂಬ ಅಚ್ಚುಳ್ಳ ಅವನ್ನು ಇಂದು ಪರದೇಶದ ವಾದಕರು ಹುಡುಕಿ ಕೊಳ್ಳುತ್ತಿದ್ದಾರೆ. ಶಾಡೋಸ್ ತಂಡದವರ ಗಿಟಾರಿಗೆ ಮಿಂಚು ಕೊಟ್ಟ ಜಾತಿಯ ವಾಲ್ವೇ ಇಲ್ಲಿಯ ಯಾವುದೋ ಮನೆಯ ರೇಡಿಯೊದೊಳಗೆ ಪ್ರದೇಶ ಸಮಾಚಾರವನ್ನು ಓದಿದೆ. ಹಳೆಯ ಧ್ವನಿವರ್ಧಕಗಳಲ್ಲಿ ಮೈಕಿನ ಬಾಯಿಯ ಪಕ್ಕದಲ್ಲಿ ಗ್ರಾಮೊಫೋನಿಗೆಂದು ಇನ್ನೊಂದು ಬಾಯಿ ಇರುತ್ತಿತ್ತು. ಸ್ಫಟಿಕದ ಪಿಕಪ್ಪಿಗಾಗಿ ಮಾಡಿದ ಅದರ ಪ್ರತಿರೋಧವು ಅಧಿಕವಾದುದರಿಂದ, ಗಿಟಾರಿನ ಪಿಕಪ್ಪನ್ನೂ ಅದು ಸಂಕೋಚವಿಲ್ಲದೆ ಸ್ವೀಕರಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ಆಂಪ್ಲಿಫಯರು ಹೀಗೆ ನಿಮ್ಮ ಮನೆಯ ಪಕ್ಕದ ಅಟ್ಟದ ಮೇಲೆಯೇ, ಚೌತಿಯ ಮಂಟಪದ ಬಿದಿರು ಬುಟ್ಟಿಗಳ ಅಡಿಯಲ್ಲಿ ಇದ್ದರೂ ಇದ್ದೀತು.

ಮುನ್ನೂರರ ಪಟ್ಟಿಗೆ ಇದನ್ನು ಸೇರಿಸಿರೆಂದು ಸಂಸ್ಥೆಗಳಿಗೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಬರೆದರೆ ಒಳ್ಳೆಯದೇ, ಆದರೆ ಅಗತ್ಯವಿಲ್ಲ. 2011ರಲ್ಲಿ ಜರ್ಮನಿಯ ಕ್ರಿಸ್ಟೋಫ್ ಕೆಂಪರನು ತನ್ನ ಪ್ರೊಫೈಲರ್ ಯಂತ್ರವನ್ನು ಹೊರತಂದಂದಿನಿಂದ ಪಟ್ಟಿಯ ಬೀಗದ ಕೈಯು ಗ್ರಾಹಕನ ಕೈಗೂ ಬಂದಿದೆ. ಎದುರಿಗಿರುವ ಆಂಪ್ಲಿಫಯರಿಗೆ ಪರೀಕ್ಷಾಧ್ವನಿಗಳನ್ನು ಕಳುಹಿಸಿ, ಮರಳಿ ಬಂದುದನ್ನು ಕೇಳಿ, ಅದರ ಸ್ವಭಾವವನ್ನು ಯಂತ್ರವು ತಾನೇ ಗ್ರಹಿಸುವುದು. ಈಗ ಅಷ್ಟು ವ್ಯಯವೂ ಬೇಡ. ಸ್ಟೀವನ್ ಅಟ್ಕಿನ್ಸನ್ ಎಂಬವರು ರಚಿಸಿದ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶವು ಮುಕ್ತವಾಗಿ, ಬೆಲೆಯಿಲ್ಲದೆ ದೊರೆಯುತ್ತದೆ. ಸುಮಾರು ಮೂರು ನಿಮಿಷದ ಒಂದು ನಿಯತ ಪರೀಕ್ಷಾಧ್ವನಿಯನ್ನು ಆಂಪ್ಲಿಫಯರಿನ ಮೂಲಕ ಹಾಯಿಸಿ ಮುದ್ರಿಸಿಕೊಂಡರೆ, ಒಳಹೋದುದಕ್ಕೂ ಹೊರಬಂದುದಕ್ಕೂ ಇರುವ ಸಂಬಂಧವನ್ನು ಗಣಕಯಂತ್ರವು ಕಲಿತು ಒಂದು ಸಣ್ಣ ಕಡತವಾಗಿ ಕೊಡುವುದು. ಹಾರ್ನಿನ ಗುಣವನ್ನು ಅದರ ಮುಂದೆ ಮೈಕನ್ನಿಟ್ಟು ಪ್ರತ್ಯೇಕವಾಗಿ ಅಳೆದು ಜೋಡಿಸಬಹುದು. ಒಂದು ಮಿತಿಯನ್ನು ಮಾತ್ರ ನೆನಪಿಡಬೇಕು: ಈ ಕಡತವು ಗುಂಡಿಗಳ ಒಂದು ನಿಲುವಿನ ಪ್ರತಿಬಿಂಬ, ಗುಂಡಿಯನ್ನು ತಿರುಗಿಸಿದರೆ ಮತ್ತೊಂದು ಮುದ್ರಣ ಬೇಕಾಗುತ್ತದೆ. ಮಂದಿರದ ಯಂತ್ರದ ಗುಂಡಿಯನ್ನು ಅದನ್ನು ನೋಡಿಕೊಳ್ಳುತ್ತಿದ್ದವರ ಹೊರತು ಇನ್ನೊಬ್ಬರು ಮುಟ್ಟುವಂತಿರಲಿಲ್ಲವಾದುದರಿಂದ ಅದೇ ನಿಲುವು ಸಾಕು.

ಆತುರದಿಂದ ಕೈಯಿಕ್ಕಬೇಡಿರಿ. ವಾಲ್ವಿನ ಯಂತ್ರದೊಳಗೆ ಮುನ್ನೂರು ನಾನೂರು ವೋಲ್ಟಿನ ಒತ್ತಡವಿರುತ್ತದೆ; ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡು ಮುಟ್ಟಿದವನನ್ನು ಕೊಲ್ಲಬಲ್ಲುವು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರವನ್ನು ನೇರವಾಗಿ ವಿದ್ಯುತ್ತಿಗೆ ಸಿಕ್ಕಿಸಿದರೆ ಆ ಕೆಪಾಸಿಟರುಗಳು ಸಿಡಿಯಬಹುದು, ಟ್ರಾನ್ಸ್‌ಫಾರ್ಮರು ಸುಡಬಹುದು. ಸ್ಪೀಕರನ್ನಾಗಲಿ ತಕ್ಕ ಕೃತಕಭಾರವನ್ನಾಗಲಿ ಜೋಡಿಸದೆ ಎಂದೂ ನಡೆಸಬಾರದು. ಹಾರ್ನಿಗೆ ಹೋಗುವ ತುದಿಯು 70 ಅಥವಾ 100 ವೋಲ್ಟಿನ ಲೈನಾಗಿರುವುದು ಸಾಮಾನ್ಯ, ಗಿಟಾರಿನ ಎಂಟು ಓಮಿನ ಪೆಟ್ಟಿಗೆಗೆ ಅದನ್ನು ಕೊಡಲಾಗದು. ಪೇಟೆಯಲ್ಲಿ ವಾಲ್ವಿನ ಸೆಟ್ಟನ್ನು ಬಿಚ್ಚಿ ಕಟ್ಟಿ ಬಲ್ಲ ರೇಡಿಯೊ ದುರಸ್ತಿಯ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರನ್ನು ಮೊದಲು ಕರೆಯಿರಿ; ಅವರಿಗೆ ಸಲ್ಲಬೇಕಾದ ಮಜೂರಿಯನ್ನು ಚರ್ಚೆ ಮಾಡದೆ ಕೊಡಿರಿ. ಯಂತ್ರವನ್ನು ಫೆರಿಯಲ್ಲಿ ಸಾಗಿಸುವ ಬದಲು ಅವರನ್ನೇ ಕರೆತರುವುದು ಲೇಸು. ಕಾಲವೂ ನೋಡಬೇಕು: ಮುದ್ರಣದ ಕೆಲಸವು ಸುಗ್ಗಿಯ ಒಣಹವೆಯಲ್ಲಿ ಆಗಲಿ, ಗಣಕಯಂತ್ರದ ಮುಂದೆ ಕುಳಿತು ಮಾಡುವ ಉಳಿದ ಕೆಲಸವನ್ನು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಿಗೆ ಇಟ್ಟುಕೊಳ್ಳಿರಿ, ಬೋಟಿಗೆ ಹೋಗುವ ಗೆಳೆಯರೂ ಆಗ ದಡದಲ್ಲಿರುತ್ತಾರೆ.

ಆ ಹಳೆಯ ಯಂತ್ರದ ಧ್ವನಿಯು ಚೆನ್ನಾಗಿಯೇ ಇತ್ತೆಂದು ಏನು ಖಾತರಿ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳುವಿರಿ. ಖಾತರಿಯಿಲ್ಲ. ಕೆಲವು ಕರ್ಕಶವಾಗಿದ್ದುವು, ಕೆಲವು ಭಜನೆಗಿಂತ ಹೆಚ್ಚಾಗಿ ತಾವೇ ಗುಂಯ್‌ಗುಡುತ್ತಿದ್ದುವು. ಹಾರ್ನಿನಿಂದ ತಳಸ್ವರವನ್ನು ನಿರೀಕ್ಷಿಸುವುದೂ ವ್ಯರ್ಥ. ಆದರೆ ಬಾಸ್‌ಮನ್ನನ್ನು ಮಾಡಿದವನು ಅದನ್ನು ಬಾಸ್ ಗಿಟಾರಿಗೆಂದು ಮಾಡಿದನು, ಗಿಟಾರಿನವರು ಕದ್ದುಕೊಂಡರು. ಅದರ ಒಡಕನ್ನು ಅವನು ದೋಷವೆಂದೇ ಎಣಿಸಿದ್ದನು. ಯಾವ ಒಡಕು ಯಾವ ಹಾಡಿಗೆ ಒಡವೆಯಾಗುವುದೆಂಬುದನ್ನು ನುಡಿಸಿಯೇ ತಿಳಿಯಬೇಕು. ಹತ್ತು ಯಂತ್ರಗಳನ್ನು ಗ್ರಹಿಸಿ ಒಂಬತ್ತನ್ನು ಬಿಟ್ಟರೂ ನಷ್ಟವಿಲ್ಲ. ಸಂಸ್ಥೆಗಳ ಪಟ್ಟಿಯಲ್ಲಿರುವ ಮುನ್ನೂರರಲ್ಲಿ ನೀವು ನಿಜವಾಗಿ ನುಡಿಸುವುದು ಎಷ್ಟನ್ನು ಎಂಬುದನ್ನು ನಾನು ಕೇಳಲು ಹೋಗುವುದಿಲ್ಲ.

ಇನ್ನು ಹೆಸರಿನ ವಿಚಾರ. ನೀವು ಮಾಡಿದ ಕಡತಕ್ಕೆ ಎಸೆಕ್ಸ್, ಬ್ರಿಟ್ ಎಂಬಂಥ ವೇಷದ ಹೆಸರುಗಳು ಬೇಕಾಗಿಲ್ಲ. ಯಾವ ಊರಿನ, ಯಾವ ಮಂದಿರದ ಅಥವಾ ಮಸೀದಿಯ ಅಥವಾ ಇಗರ್ಜಿಯ ಯಂತ್ರ, ಯಾವ ವಾಲ್ವು, ಯಾವ ಹಾರ್ನು, ಗುಂಡಿಗಳ ನಿಲುವು ಯಾವುದು, ಎಂಬುದನ್ನು ಕನ್ನಡದಲ್ಲಿಯೇ ಸ್ಪಷ್ಟವಾಗಿ ಬರೆದಿಡಿರಿ. ಆದರೆ ಅದಕ್ಕೆ ಮೊದಲು ಅಲ್ಲಿಯ ಸಮಿತಿಯ ಮುಂದೆ ಹೋಗಿ, ಮಾಡುವುದೇನೆಂದು ವಿವರಿಸಿ, ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ದೇವರ ಸನ್ನಿಧಿಯ ಹೆಸರು ಮದ್ಯದಂಗಡಿಯ ವೇದಿಕೆಯ ಮೇಲೆ ಗಿಟಾರಿನ ಪರದೆಯಲ್ಲಿ ಮಿನುಗುವುದು ಕೆಲವರಿಗೆ ಹಿಡಿಸದಿರಬಹುದು, ಅವರ ಭಾವನೆಯೂ ಮಾನ್ಯವಾದುದೇ. ಹೆಸರನ್ನು ಒಲ್ಲೆವೆಂದರೆ ಊರಿನ ಹೆಸರನ್ನಷ್ಟೇ ಇಡಿರಿ. ಕಡತವನ್ನು ಮಾರಬೇಡಿರಿ; ಒಂದು ಪ್ರತಿಯನ್ನು ಯಂತ್ರದ ಒಡೆಯರಿಗೂ ಕೊಡಿರಿ. ನಮ್ಮ ಮಂದಿರದ ಸಮಿತಿಯವರೊಡನೆ ಮಾತಾಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಶನಿವಾರದ ಭಜನೆ ಮುಗಿದ ಮೇಲೆ ಬಂದರೆ ಎಲ್ಲರೂ ಸಿಗುತ್ತಾರೆ. ಬರುವಾಗ ಗಿಟಾರನ್ನೂ ತನ್ನಿರಿ, ಡಿಜಿಟಲ್ ಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು ಬನ್ನಿರಿ.

ಇತಿ ನಿಮ್ಮ ವಿಶ್ವಾಸಿ,
ಬೆಂಗ್ರೆಯ ಒಬ್ಬ ಹಾರ್ಮೋನಿಯಂ ವಾದಕ